ಡಿಸ್ಪೋಸಲ್ ಜೀಪಿಗೆ ಯಾವ ಎಂಜಿನ್: ಹಳೇ ಪೆಟ್ರೋಲು, ಪ್ಯೂಜೊ, ಡಿಐ

ಸೇನೆಯ ಕಡತದಲ್ಲಿ ವಿಲ್ಲಿಸ್ ಎಂಬಿ ಅಂದರೆ ಕಾಲು ಟನ್ನಿನ ಟ್ರಕ್ಕು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ತೋಟಗಳಲ್ಲಿ ಅದೇ ಡಿಸ್ಪೋಸಲ್ ಜೀಪು, ಅಂದರೆ ಸೇನೆ ಬಳಸಿ ಮಾರಿದ್ದು. ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದನ್ನು ಎಳೆದು ತಂದಾಗ ಮೊದಲು ಏಳುವ ಪ್ರಶ್ನೆ ಎಂಜಿನ್ನಿನದು. ಹಳೇ ಪೆಟ್ರೋಲನ್ನೇ ಉಳಿಸೋದಾ, ಪ್ಯೂಜೊ ಡೀಸೆಲ್ ಕೂರಿಸೋದಾ, ಮಹೀಂದ್ರದ ಡಿಐ (ಡೈರೆಕ್ಟ್ ಇಂಜೆಕ್ಷನ್) ಡೀಸೆಲ್ ಹಾಕೋದಾ? ಮೂರನ್ನೂ ಅದೇ 6.00-16 ಟೈರಿನಲ್ಲಿ, ಅದೇ ಘಾಟಿಯಲ್ಲಿ, ಅಷ್ಟೇ ಹೊರೆಯಲ್ಲಿ ಓಡಿಸಿ ನೋಡಿ ಇದನ್ನು ಬರೆಯುತ್ತಿದ್ದೇವೆ. ಎಂಜಿನ್ ಆರಿಸುವ ಮುಂಚೆ ಅದರ ಬೆನ್ನಿಗೆ ಏನಿದೆ ಅಂತ ನೋಡಿ. ಕೆಡುವುದು ಹೆಚ್ಚಾಗಿ ಅಲ್ಲೇ.

ಯುದ್ಧಕಾಲದ ಎಂಬಿ ಲೋ ಬಾನೆಟ್. ಅದರಲ್ಲಿ ಟಿ-84 ಗೇರ್‌ಬಾಕ್ಸು, 4.88 ಕ್ರೌನ್ ಪಿನಿಯನ್ನು (ಆಕ್ಸಲಿನೊಳಗಿನ ಗೇರು ಜೋಡಿ, ಅಂಕಿ ಅದರ ಅನುಪಾತ). ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಪೆಟ್ಟಿಗೆ) ಮಧ್ಯದ ಶಾಫ್ಟು ಬರೀ ಮುಕ್ಕಾಲು ಇಂಚು. ಯುದ್ಧ ಮುಗಿದ ಮೇಲೆ ಬಂದ ಸಿಜೆ-3ಬಿ ಜೀಪು ಹೈ ಬಾನೆಟ್. ಹರಿಕೇನ್ ಎಂಜಿನ್ನಿನ ಎತ್ತರಕ್ಕೆ ಜಾಗ ಬೇಕಾಗಿಯೇ ಅದರ ಬಾನೆಟ್ ಮೇಲೆದ್ದದ್ದು. ಅದಕ್ಕೆ ಗಟ್ಟಿ ಟಿ-90 ಗೇರ್‌ಬಾಕ್ಸು, 5.38 ಕ್ರೌನ್ ಪಿನಿಯನ್ನು, ಆಮೇಲಿನವುಗಳಲ್ಲಿ ಒಂದೂಕಾಲು ಇಂಚಿನ ಶಾಫ್ಟು. ಈ ವ್ಯತ್ಯಾಸ ತಿಳಿಯದೆ ಎಂಬಿಗೆ ಡೀಸೆಲ್ ಹಾಕಿದರೆ ಮಧ್ಯದ ಶಾಫ್ಟು, ನೀಡಲ್ ಬೇರಿಂಗು, ಥ್ರಸ್ಟ್ ವಾಷರ್ ಸವೆದು ಗೇರು ಅಲ್ಲಾಡತೊಡಗುತ್ತವೆ. ಆಮೇಲೆ ಫೋರ್ ವೀಲ್ ತಾನಾಗಿ ಕಳಚಿಕೊಳ್ಳುತ್ತೆ, ಅದೂ ಏರಿನಲ್ಲಿ.

ಮೊದಲು ಪೆಟ್ರೋಲು. ಎಂಬಿಯ ಮೂಲ ಎಂಜಿನ್ ಗೋ ಡೆವಿಲ್, 2199 ಸಿಸಿ, ಸೈಡ್ ವಾಲ್ವ್, ನಿಮಿಷಕ್ಕೆ 4000 ಸುತ್ತಿಗೆ 60 ಅಶ್ವಶಕ್ತಿ. ಇದನ್ನು ‘ಬಿಸಿಯಾಗೋ ಎಂಜಿನ್’ ಅಂತ ಬೈದು ಗುಜರಿಗೆ ಹಾಕಿದವರು ಬಹಳ. ದೋಷ ಎಷ್ಟೋ ಸಲ ಎಂಜಿನ್ನಿನದಲ್ಲ, ಒಳಗಿನ ಒಂದು ತಗಡಿನದು. ವಾಟರ್ ಪಂಪ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿ, ಬ್ಲಾಕಿನ ಒಳಗೆ ಉದ್ದಕ್ಕೂ ಒಂದು ಚಪ್ಪಟೆ ಕೊಳವೆ ಇರುತ್ತೆ. ತಣ್ಣೀರನ್ನು ಹಿಂದಿನ ಸಿಲಿಂಡರ್‌ವರೆಗೂ ಹಂಚುವುದು ಅದೇ. ದಶಕಗಳ ಬಾವಿನೀರಿಗೆ ಅದು ತುಕ್ಕು ಹಿಡಿದು ಉದುರಿ ಕೆಸರಾಗಿರುತ್ತೆ. ಆಗ ಮುಂದಿನ ಸಿಲಿಂಡರ್ ತಣ್ಣಗೆ, ನಾಲ್ಕನೆಯದು ಬೇಯುತ್ತೆ. ಮೀಟರ್ ಮಾತ್ರ ಸರಿ ತೋರಿಸುತ್ತೆ. ಹಳೆಯದನ್ನು ಕೊಕ್ಕೆ ಹಾಕಿ ನಿಧಾನಕ್ಕೆ ಎಳೆಯಿರಿ, ತುಂಡಾದರೆ ಚೂರುಗಳನ್ನೆಲ್ಲ ತೆಗೆಯದೆ ಬಿಡಬೇಡಿ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಕೊಳವೆ ಹಾಕಿ, ರಂಧ್ರಗಳು ವಾಲ್ವ್ ಕಡೆಗೆ ಸರಿಯಾಗಿ ಬರಲಿ. ಇಷ್ಟು ಮಾಡಿದ ಗೋ ಡೆವಿಲ್ ಏಪ್ರಿಲ್ ಬಿಸಿಲಲ್ಲೂ ಘಾಟಿ ಹತ್ತುತ್ತೆ.

ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವ ಮುಂಚೆ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವೆ ಬಿರುಕಿದೆಯಾ ಅಂತ ಪರೀಕ್ಷೆ ಮಾಡಿಸಿ, ಈ ಬ್ಲಾಕಿನ ಹಳೇ ಕಾಯಿಲೆ ಅದು. ಪಾಯಿಂಟ್ ಗ್ಯಾಪ್ 0.020 ಇಂಚು, ಪ್ಲಗ್ಗು 0.030, ಫೈರಿಂಗ್ ಆರ್ಡರ್ 1-3-4-2. ಹೆಡ್ ಬಿಗಿದು ಒಮ್ಮೆ ಬಿಸಿ ಮಾಡಿ ಮತ್ತೆ ಬಿಗಿಯಿರಿ. ಈಗಿನ ಇ20 (ಶೇ. 20 ಎಥನಾಲ್ ಬೆರೆತ) ಪೆಟ್ರೋಲಿಗೆ ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಂ ತಡೆಯವು, ಎರಡನ್ನೂ ಎಥನಾಲ್ ತಾಳುವ ಮಾಲಿಗೆ ಬದಲಿಸಿ. 12 ವೋಲ್ಟಿಗೆ ಹೋಗುವುದಾದರೆ ಹಳೇ 6 ವೋಲ್ಟ್ ಸ್ಟಾರ್ಟರ್ರೇ ಸಾಕು, ಗುಂಡಿಯನ್ನು ಹೆಚ್ಚು ಹೊತ್ತು ಒತ್ತಬಾರದು ಅಷ್ಟೆ. ಎಂಬಿ ಫ್ಲೈವೀಲಿಗೆ 97 ಹಲ್ಲು, ಹೊಸ 12 ವೋಲ್ಟ್ ಸ್ಟಾರ್ಟರಿನ ಹಲ್ಲು ಅದಕ್ಕೆ ಕೂಡದು. ಮೈಲೇಜು ಲೀಟರಿಗೆ ಏಳರ ಆಸುಪಾಸು. ದಿನಾ ಓಡಿಸುವವರಿಗೆ ಇದು ಭಾರವೇ.

ಪ್ಯೂಜೊ ಎಕ್ಸ್‌ಡಿಪಿ 4.90, ಮಹೀಂದ್ರದ ಎಂಎಂ 540 ಜೀಪಿನಲ್ಲಿ ಬಂದದ್ದು, 2112 ಸಿಸಿ. ಎರಡು ಡೀಸೆಲ್ಲುಗಳಲ್ಲಿ ನಯವಾಗಿ ಓಡುವುದು ಇದೇ. ಸುತ್ತು ಏರಿಸಿದರೆ ಏರುತ್ತೆ, ಹಾಗಾಗಿ ಹಳೇ ಕ್ರೌನ್ ಪಿನಿಯನ್ನಿನಲ್ಲೂ ಟಾರ್ ರಸ್ತೆಯಲ್ಲಿ ಒದ್ದಾಡುವುದಿಲ್ಲ. ಆದರೆ ಇಳಿ ಸುತ್ತಿನಲ್ಲಿ ಎಳೆತ ಕಮ್ಮಿ, ಕೆಸರಿನಲ್ಲಿ ಕ್ಲಚ್ ಹಿಡಿದು ಹಿಡಿದು ಬಿಡಬೇಕು. ಹೀಟರ್ ಪ್ಲಗ್ ಇಲ್ಲದೆ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದು. ಒಂದು ಪ್ಲಗ್ಗು ಸತ್ತರೂ ಬಿಳಿ ಹೊಗೆ ಉಗುಳಿ ಮೂರು ಸಿಲಿಂಡರಿನಲ್ಲಿ ನಡುಗುತ್ತೆ. ಬಿಡಿಭಾಗ ದಿನೇದಿನೇ ಸಿಗುವುದು ಕಷ್ಟವಾಗುತ್ತಿದೆ.

ಡಿಐ 2523 ಸಿಸಿ, ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರಿನ ವಂಶದ್ದು. ಹೀಟರ್ ಬೇಡ, ಕೀಲಿ ತಿರುಗಿಸಿದರೆ ಸಾಕು. ಆಕ್ಸಲರೇಟರ್ ಮುಟ್ಟದೆ ಕಲ್ಲು ಹತ್ತುತ್ತೆ, ಹಳ್ಳಿಯ ಮೆಕ್ಯಾನಿಕ್ಕಿಗೂ ಇದರ ಕೈಚಳಕ ಗೊತ್ತು, ಲೀಟರಿಗೆ ಹನ್ನೆರಡರ ಹತ್ತಿರ ಕೊಡುತ್ತೆ. ತೋಟದಲ್ಲಿ ಕಾಫಿ ಮೂಟೆ, ಗೊಬ್ಬರ ಹೊರುವ ಜೀಪಿಗೆ ಇದನ್ನು ಬಿಟ್ಟು ಬೇರೆ ಯೋಚಿಸಬೇಡಿ. ಆದರೆ ಭಾರ ಜಾಸ್ತಿ, ನಡುಕ ಜಾಸ್ತಿ. ಮುಂದಿನ ಸ್ಪ್ರಿಂಗ್ ಪಟ್ಟೆ ಬಗ್ಗಿ ಕ್ಯಾಸ್ಟರ್ (ಸ್ಟೀರಿಂಗಿನ ವಾಲುಕೋನ) ಕೆಟ್ಟರೆ ಸ್ಟೀರಿಂಗ್ ಅಲೆದಾಡುತ್ತೆ, ಸ್ಪ್ರಿಂಗಿಗೆ ಎಲೆ ಸೇರಿಸಿ. ಗಟ್ಟಿ ರಬ್ಬರ್ ಮೌಂಟ್ ಹಾಕಿದರೆ ಚಾಸಿಯ ರಿವೆಟ್ಟು ಸಡಿಲಾಗುತ್ತೆ. ಲೋ ಬಾನೆಟ್ಟಿನ ಕೆಳಗೆ ಇದನ್ನು ತುರುಕಲು ಮುಖವನ್ನೇ ಕತ್ತರಿಸುತ್ತಾರೆ. ಉಳಿದಿರುವ ಎಂಬಿಗಳೇ ಕೆಲವು, ಅವುಗಳ ಗ್ರಿಲ್ಲಿಗೆ ಕಟರ್ ಇಡುವುದು ನೋಡಿದರೆ ಹೊಟ್ಟೆ ಉರಿಯುತ್ತೆ.

ಡಿಐಯ ಗವರ್ನರ್ ಎಂಜಿನ್ನಿನ ಸುತ್ತನ್ನು 3200ರ ಹತ್ತಿರ ಕಟ್ಟಿಹಾಕುತ್ತೆ. 3000 ಸುತ್ತಿಗೆ ಟಾಪ್ ಗೇರಿನಲ್ಲಿ 5.38ರಲ್ಲಿ ಸಿಗುವುದು ಗಂಟೆಗೆ ಸುಮಾರು 76 ಕಿ.ಮೀ., 4.88ರಲ್ಲಿ 84, 4.27ರಲ್ಲಿ 95. ಹೆದ್ದಾರಿ ಬೇಕಿದ್ದರೆ ಕ್ರೌನ್ ಬದಲಿಸಿ, ಆದರೆ ಮುಂದೆ ಹಿಂದೆ ಎರಡೂ ಒಂದೇ ಆಗಿರಲಿ. ಬೇರೆಬೇರೆ ಇದ್ದು ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಿದರೆ ಏನಾದರೊಂದು ಮುರಿದೇ ತೀರುತ್ತೆ.

ಡೀಸೆಲ್ ಯಾವುದೇ ಇರಲಿ, ಎಂಜಿನ್ನನ್ನು ಗೇರು ಪೆಟ್ಟಿಗೆಗೆ ಜೋಡಿಸುವ ಅಡಾಪ್ಟರ್ ಪ್ಲೇಟನ್ನು ಕಣ್ಣಳತೆಯಲ್ಲಿ ಕೂರಿಸಬೇಡಿ. ಕ್ರ್ಯಾಂಕಿಗೆ ಡಯಲ್ ಗೇಜ್ ಕಟ್ಟಿ ಬೆಲ್ ಹೌಸಿಂಗಿನ ರಂಧ್ರದ ಸುತ್ತ ತಿರುಗಿಸಿ, ಮುಳ್ಳಿನ ಓಟ 0.1 ಮಿ.ಮೀ. ದಾಟಬಾರದು. ದಾಟಿದರೆ ಪೈಲಟ್ ಬುಷ್ ಸವೆಯುತ್ತೆ, ಗೇರು ಹಾರುತ್ತೆ. ಹೊಸ ಗೇರ್‌ಬಾಕ್ಸ್ ತಂದರೂ ಹಾರುತ್ತೆ. ಮೂಲದ 9 ಇಂಚಿನ ಡ್ರಮ್ಮು, ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹೆಚ್ಚಿದ ಭಾರಕ್ಕೆ ಸಾಲದು. 11 ಇಂಚಿನ ಡ್ರಮ್ಮು, ಎರಡು ಸರ್ಕ್ಯೂಟು ಹಾಕಿಸಿ. ಡೀಸೆಲ್ಲಿಗೆ ಮ್ಯಾನಿಫೋಲ್ಡ್ ವ್ಯಾಕ್ಯೂಮ್ ಇರುವುದಿಲ್ಲ, ಬೂಸ್ಟರ್ ಬೇಕಿದ್ದರೆ ವ್ಯಾಕ್ಯೂಮ್ ಪಂಪಿರುವ ಆಲ್ಟರ್ನೇಟರ್ ನೋಡಿ ತನ್ನಿ.

ಆರ್‌ಸಿಯಲ್ಲಿ ಪೆಟ್ರೋಲ್ ಅಂತಿದ್ದು ಒಳಗೆ ಡೀಸೆಲ್ ಇದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ ಸಿಕ್ಕಿಬೀಳುತ್ತೀರಿ, ಆಮೇಲೆ ಎಫ್‌ಸಿಯೂ ಇಲ್ಲ, ಇನ್ಶೂರೆನ್ಸೂ ಇಲ್ಲ. ಆರ್‌ಟಿಒ ಅನುಮತಿ ಕಾಗದದಲ್ಲಿ ಕೈಗೆ ಬರುವವರೆಗೆ ಹಳೇ ಎಂಜಿನ್ ಇಳಿಸಬೇಡಿ. ಇಳಿಸಿದ ಮೇಲೆ ವಾಟರ್ ಪಂಪಿನ ಹಿಂದೆ ಬ್ಲಾಕಿನ ಮೇಲಿರುವ ನಂಬರನ್ನು ಉಜ್ಜಿ ಫೋಟೊ ತೆಗೆದಿಡಿ, ಸಿಲಿಂಡರಿಗೆ ಎಣ್ಣೆ ಹಾಕಿ ಪ್ಲಗ್ ಮುಚ್ಚಿ, ಗೋಣಿ ಸುತ್ತಿ ಅಟ್ಟದ ಕೆಳಗೆ ಒಣ ಜಾಗದಲ್ಲಿಡಿ.