ಪೋಲ್ಕ್ ಟಿ ಸರಣಿಯ ಸ್ಪೀಕರ್‌ಗಳು ಮತ್ತು ಅವಕ್ಕೆ ಹೊಂದುವ ಸಬ್‌ವೂಫರ್: ಕಲಬುರಗಿಯ ಮನೆಯಲ್ಲಿ ಬಳಸಿದ ಮೇಲೆ

ಪೋಲ್ಕ್ ಆಡಿಯೊ ಕಂಪನಿಯ ಟಿ ಸರಣಿಯಲ್ಲಿ ಮುಂದೆ ನಿಲ್ಲಿಸುವ ಟವರ್ ಟಿ50, ಟಿವಿಯ ಕೆಳಗೆ ಇಡುವ ಸೆಂಟರ್ ಟಿ30 ಮತ್ತು ಪಕ್ಕಕ್ಕೆ ಬಳಸಬಹುದಾದ ಪುಟ್ಟ ಸ್ಪೀಕರ್ ಟಿ15 ಇವೆ. ಕಲಬುರಗಿಯ ನಮ್ಮ ಮನೆಯ ಹಾಲ್‌ನಲ್ಲಿ ಈ ಮೂರೂ ಬಗೆಯವು ಸೇರಿ ಐದು ಸ್ಪೀಕರ್‌ಗಳು, ಜೊತೆಗೆ ಬೇರೆ ಕಂಪನಿಯ 12 ಇಂಚಿನ ಸಬ್‌ವೂಫರ್ (ತೀರಾ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್) ಕೆಲಸ ಮಾಡುತ್ತಿವೆ. ಇಂಥ ವ್ಯವಸ್ಥೆಯಲ್ಲಿ ಯಾವುದು ಒಂದೇ ಕುಟುಂಬದ್ದಾಗಿರಬೇಕು (ಅಂದರೆ ಒಂದೇ ಕಂಪನಿಯ ಒಂದೇ ಸರಣಿಯದು), ಯಾವುದು ಬೇರೆಯಾದರೂ ನಡೆಯುತ್ತದೆ ಎಂಬುದು ಕೊಳ್ಳುವವರಿಗೆ ಅಂಗಡಿಯಲ್ಲಿ ಸ್ಪಷ್ಟವಾಗುವುದು ಅಪರೂಪ. ಆದ್ದರಿಂದ ಆ ವಿಷಯಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಒಂದೇ ಕುಟುಂಬದ್ದಾಗಿರಲೇಬೇಕಾದದ್ದು ಮುಂದಿನ ಮೂರು: ಎಡ, ಬಲ ಮತ್ತು ಸೆಂಟರ್. ಚಲನಚಿತ್ರದ ಸಂಭಾಷಣೆಯ ಬಹುಪಾಲು ಸೆಂಟರ್ ಸ್ಪೀಕರ್‌ನಿಂದಲೇ ಬರುತ್ತದೆ. ಪಾತ್ರವೊಂದು ಮಾತನಾಡುತ್ತಲೇ ಪರದೆಯ ಎಡದಿಂದ ಬಲಕ್ಕೆ ನಡೆದುಹೋದಾಗ ಅದರ ದನಿ ಮೂರು ಪೆಟ್ಟಿಗೆಗಳನ್ನು ದಾಟಿ ಹೋಗುತ್ತದೆ. ಆ ಮೂರರ ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಭಾಗ) ಮತ್ತು ಕೋನ್ (ಉಳಿದ ಸ್ವರಗಳಿಗೆ ಅಲುಗಾಡುವ ದೊಡ್ಡ ಭಾಗ) ಬೇರೆ ಬೇರೆ ಗುಣದವಾಗಿದ್ದರೆ ಒಬ್ಬನೇ ಮನುಷ್ಯನ ಕಂಠ ನಡುದಾರಿಯಲ್ಲಿ ಬದಲಾದಂತೆ ಕೇಳುತ್ತದೆ. ಹಿಂದೆ ನಮ್ಮಲ್ಲಿದ್ದ, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ ಬಂದ ಸೆಟ್‌ನ ಸೆಂಟರ್ ಸ್ಪೀಕರ್ ಅಂಗೈಯಗಲ ಇತ್ತು, ಸಬ್‌ವೂಫರ್ ಮಾತ್ರ ದೊಡ್ಡದು. ಅದನ್ನು ಹಾಕಿದಾಗಲೆಲ್ಲ ನಮ್ಮವ್ವ "ಮಾತ ಕೇಳವಲ್ದು, ಬರೀ ಸಪ್ಳ ಅದ" ಎನ್ನುತ್ತಿದ್ದರು. ಅವರ ಮಾತು ತಾಂತ್ರಿಕವಾಗಿಯೂ ಸರಿಯಾಗಿತ್ತು. ಟಿ30ರಲ್ಲಿ ಟ್ವೀಟರ್ ಜೊತೆಗೆ 5.25 ಇಂಚಿನ ಎರಡು ಡ್ರೈವರ್‌ಗಳಿವೆ (ಕೋನ್ ಇರುವ, ದನಿ ಹೊರಡಿಸುವ ಭಾಗಗಳು). ಗಂಡುದನಿಯ ತಳಭಾಗವೂ ತೆಳುವಾಗದೆ ಬರುತ್ತದೆ, ಟಿ50ರ ದನಿಗೂ ಅದಕ್ಕೂ ವ್ಯತ್ಯಾಸ ಹುಡುಕಬೇಕಾಗುತ್ತದೆ. ಈ ಸರಣಿಯನ್ನು ನಾನು ಮೆಚ್ಚಿಕೊಳ್ಳಲು ಇದೇ ಮೊದಲ ಕಾರಣ.

ಟಿ50ರ ಬಗ್ಗೆ ಒಂದು ವಿಷಯ ತಿಳಿದಿರಬೇಕು. ಮುಂದಿನಿಂದ ನೋಡಿದರೆ 6.5 ಇಂಚಿನ ಮೂರು ವೂಫರ್‌ಗಳಿರುವಂತೆ (ಕೆಳಸ್ವರದ ಡ್ರೈವರ್‌ಗಳು) ಕಾಣುತ್ತದೆ, ಆದರೆ ಆಂಪ್ಲಿಫೈಯರ್‌ನಿಂದ ಚಾಲನೆ ಪಡೆಯುವುದು ಒಂದೇ. ಉಳಿದೆರಡು ಪೆಟ್ಟಿಗೆಯೊಳಗಿನ ಗಾಳಿಯ ಒತ್ತಡದಿಂದ ಅಲುಗಾಡುವ ಪ್ಯಾಸಿವ್ ರೇಡಿಯೇಟರ್‌ಗಳು. ಇದು ಮೋಸವಲ್ಲ, ಕೆಳಸ್ವರವನ್ನು ಹಿಗ್ಗಿಸುವ ಒಪ್ಪಿತ ವಿಧಾನ. ಆದರೂ ಮೂರು ವೂಫರ್ ಇದೆಯೆಂದು ಸಬ್‌ವೂಫರ್ ಬಿಡಬಹುದು ಎಂಬ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬಾರದು. ಟಿ50ರ ಸೆನ್ಸಿಟಿವಿಟಿ 90 ಡೆಸಿಬಲ್. ಅಂದರೆ ಒಂದು ವಾಟ್ ಆಸುಪಾಸಿನ ಶಕ್ತಿಗೇ ಒಂದು ಮೀಟರ್ ದೂರದಲ್ಲಿ ಅಷ್ಟು ದನಿ ಬರುತ್ತದೆ. ಇನ್ನು 3 ಡೆಸಿಬಲ್ ಏರಬೇಕಾದರೆ ಶಕ್ತಿ ಎರಡರಷ್ಟಾಗಬೇಕು. ಹಾಗಾಗಿ 50 ವಾಟ್‌ನ ರಿಸೀವರ್‌ಗೂ (ಸ್ಪೀಕರ್‌ಗಳನ್ನೆಲ್ಲ ನಡೆಸುವ, ಆಂಪ್ಲಿಫೈಯರ್ ಒಳಗೇ ಇರುವ ಪೆಟ್ಟಿಗೆ) 100 ವಾಟ್‌ನದಕ್ಕೂ ಕಿವಿಗೆ ತಿಳಿಯುವ ಅಂತರ ಆ 3 ಡೆಸಿಬಲ್ ಮಾತ್ರ. ಡಬ್ಬಿಯ ಮೇಲೆ ಸಾವಿರಗಟ್ಟಲೆ ಪಿಎಂಪಿಒ ವಾಟ್ (ಜಾಹೀರಾತಿಗೆಂದು ಉಬ್ಬಿಸಿದ ಕ್ಷಣಿಕ ಶಕ್ತಿಯ ಅಂಕಿ) ಎಂದು ಅಚ್ಚಾಗಿದ್ದರೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ, ಆರ್‌ಎಂಎಸ್, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ, ಎಷ್ಟು ಎಂದು ಕೇಳಿ.

ಸಬ್‌ವೂಫರ್ ವಿಷಯದಲ್ಲಿ ಕುಟುಂಬದ ನಿಯಮ ಸಡಿಲವಾಗುತ್ತದೆ. ರಿಸೀವರ್‌ನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ 'ಸ್ಮಾಲ್' ಎಂದು ಗುರುತಿಸಿ ಕ್ರಾಸ್‌ಓವರ್ (ಸ್ಪೀಕರ್‌ಗೂ ಸಬ್‌ವೂಫರ್‌ಗೂ ಸ್ವರ ಹಂಚುವ ಗಡಿ) ಅನ್ನು 80 ಹರ್ಟ್ಸ್‌ಗೆ ಇಟ್ಟರೆ, ಅದಕ್ಕಿಂತ ಕೆಳಗಿನ ಸ್ವರವೆಲ್ಲ ಸಬ್‌ವೂಫರ್‌ಗೆ ಹೋಗುತ್ತದೆ. ಸಿನಿಮಾ ಧ್ವನಿಯ ಗುಣಮಟ್ಟಕ್ಕಿರುವ ಟಿಎಚ್‌ಎಕ್ಸ್ ಮಾನದಂಡವೂ ಇದೇ 80 ಹರ್ಟ್ಸ್. ಅಷ್ಟು ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿ ಸುಲಭವಾಗಿ ಹೇಳಲಾರದು. ಅದರಲ್ಲಿ ಕಂಠದ ಗುಣವೂ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬೇರೆ ಕಂಪನಿಯ ಸಬ್‌ವೂಫರ್ ತಂದರೂ ಹೊಂದಾಣಿಕೆ ಕೆಡುವುದಿಲ್ಲ. ಅದು ಹೊಂದಬೇಕಾದದ್ದು ಕೋಣೆಗೆ. ಪೋಲ್ಕ್‌ನದೇ ಪಿಎಸ್‌ಡಬ್ಲ್ಯು10 ಮಾದರಿ 10 ಇಂಚಿನದು, ನಿರಂತರ ಶಕ್ತಿ 50 ವಾಟ್; ಬಾಗಿಲು ಮುಚ್ಚಿದ ಮಲಗುವ ಕೋಣೆಗೆ ಅದು ಸಾಕು ಎಂಬುದು ನನ್ನ ಅಭಿಪ್ರಾಯ. ನಮ್ಮ ಹಾಲ್ ಒಂದು ಬದಿಯಲ್ಲಿ ಅಡುಗೆಮನೆಯ ಕಡೆಗೆ ತೆರೆದುಕೊಂಡಿರುವುದರಿಂದ 12 ಇಂಚಿನ, ಪೋರ್ಟ್ (ಪೆಟ್ಟಿಗೆಯಿಂದ ಗಾಳಿ ಆಡುವ ತೂತು) ಇರುವ ಮಾದರಿಯನ್ನು ಆರಿಸಿದೆ.

ಇಡುವ ಜಾಗ ಕೊಳ್ಳುವ ಮಾದರಿಯಷ್ಟೇ ಮುಖ್ಯ. ನಮ್ಮ ಹಾಲ್ 16 ಅಡಿ ಉದ್ದ, 12 ಅಡಿ ಅಗಲ. ಶಬ್ದದ ವೇಗವನ್ನು ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿದರೆ ಉದ್ದಕ್ಕೆ ಸುಮಾರು 35 ಹರ್ಟ್ಸ್, ಅಗಲಕ್ಕೆ ಸುಮಾರು 47 ಹರ್ಟ್ಸ್ ಬರುತ್ತದೆ. ಈ ಸ್ವರಗಳು ಗೋಡೆಯ ಹತ್ತಿರ ಉಬ್ಬಿ, ಕೋಣೆಯ ನಡುವೆ ಸೊರಗುತ್ತವೆ. ಸಬ್‌ವೂಫರ್ ಅನ್ನು ಮೂಲೆಗೆ ತಳ್ಳಿದಾಗ ನಮ್ಮಲ್ಲಿ ದನಿ ಗುಮ್ಮೆಂದು ಎಳೆದುಕೊಂಡು ನಿಲ್ಲುತ್ತಿತ್ತು. ಅದನ್ನು ತಾತ್ಕಾಲಿಕವಾಗಿ ನಾವು ಕೂರುವ ಸೋಫಾದ ಜಾಗದಲ್ಲಿಟ್ಟು, ತಮಟೆಯೋ ಡೊಳ್ಳೋ ಇರುವ ಹಾಡು ಹಚ್ಚಿ, ಗೋಡೆಗುಂಟ ಕಿವಿಯನ್ನು ನೆಲದ ಮಟ್ಟಕ್ಕೆ ತಂದು ಸರಿಯುತ್ತ ಹೋದರೆ ಪೆಟ್ಟು ಸ್ಪಷ್ಟವಾಗಿ ಕೇಳುವ ಒಂದು ಜಾಗ ಸಿಗುತ್ತದೆ. ಸಬ್‌ವೂಫರ್ ಅಲ್ಲಿಯೇ ಇರಬೇಕು. ಬಳಿಕ ಸಬ್‌ವೂಫರ್‌ನ ಫೇಸ್ ಸ್ವಿಚ್ಚನ್ನು (ಅದರ ಕೋನ್ ಉಳಿದ ಸ್ಪೀಕರ್‌ಗಳ ಜೊತೆಗೋ ವಿರುದ್ಧವೋ ಅಲುಗಾಡುವಂತೆ ಮಾಡುವುದು) 0ಗೂ 180ಕ್ಕೂ ತಿರುಗಿಸಿ ನೋಡಿ, ಕೂತಲ್ಲಿ ಯಾವುದು ತುಂಬಿ ಕೇಳುತ್ತದೋ ಅದನ್ನೇ ಉಳಿಸಿ.

ನಮ್ಮ ಭಾಗದ ಅನೇಕ ಮನೆಗಳಂತೆ ಇಲ್ಲಿಯೂ ನೆಲ ಶಹಾಬಾದ ಫರಸಿಯದು, ಮೇಲೆ ಆರ್‌ಸಿಸಿ ಛತ್ತು. ಎರಡೂ ಶಬ್ದವನ್ನು ಹೀರದೆ ಹಿಂದಕ್ಕೆ ಹೊಡೆಯುತ್ತವೆ, ಇದರಿಂದ ಎಷ್ಟು ಒಳ್ಳೆಯ ಸ್ಪೀಕರ್‌ನ ಮಾತೂ ಮಸುಕಾಗುತ್ತದೆ. ಸೋಫಾಕ್ಕೂ ಟಿವಿಗೂ ನಡುವೆ ದಪ್ಪ ಜಮಖಾನೆ ಹಾಸಿ, ಕಿಟಕಿಗೆ ಭಾರವಾದ ಪರದೆ ಹಾಕಿದ ಮೇಲೆ ಟಿ30ರ ಮಾತಿನಲ್ಲಿ ಆದ ಸುಧಾರಣೆ, ಇನ್ನೂ ದುಬಾರಿ ಸೆಂಟರ್ ಸ್ಪೀಕರ್ ಕೊಂಡಿದ್ದರೂ ಆಗುತ್ತಿರಲಿಲ್ಲ ಎಂದು ನಂಬಿದ್ದೇನೆ. ಟಿ30 ಅನ್ನು ಟಿವಿ ಮೇಜಿನ ಒಳಗೆ ಹಿಂದಕ್ಕೆ ತಳ್ಳದೆ ಅಂಚಿಗೆ ತಂದು, ಅದರ ಮೂತಿ ಕಿವಿಯ ಕಡೆಗೆ ತುಸು ಮೇಲೆತ್ತುವಂತೆ ಇಡಬೇಕು. ಟಿ15 ಜೋಡಿಯನ್ನು ಕೂತವರ ಪಕ್ಕದಿಂದ ಸ್ವಲ್ಪ ಹಿಂದಕ್ಕೆ, ನೇರ ಮುಂದಿನಿಂದ ಅಳೆದರೆ 110 ಡಿಗ್ರಿಯ ಸುತ್ತಮುತ್ತ, ಕಿವಿಗಿಂತ ಕೊಂಚ ಎತ್ತರದಲ್ಲಿ ಕಟ್ಟಿಸಿದರೆ ಸಾಕು. ಇನ್ನು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ರಿಸೀವರ್ ಅನ್ನು ಮುಚ್ಚಿದ ಕಪಾಟಿನಲ್ಲಿ ಇಡಲೇಬಾರದು.

ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಲ್ಲಿ ವಿಚಾರಿಸುವವರು ಮುಂದಿನ ಮೂರು ಸ್ಪೀಕರ್‌ಗಳನ್ನೂ ಒಟ್ಟಿಗೆ ಜೋಡಿಸಿ ಕೇಳಿಸುವಂತೆ ಕೋರಬೇಕು. ಅಂಗಡಿಯವರು ಹಾಕುವ ಸ್ಫೋಟದ ದೃಶ್ಯದ ಬದಲು, ತಮಗೆ ಬಾಯಿಪಾಠವಾಗಿರುವ ಸಂಭಾಷಣೆಯೊಂದನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯುವುದು ಉತ್ತಮ. ಇಲ್ಲಿ ಸಿಗದಿದ್ದರೆ ಹೈದರಾಬಾದಿನ ಶೋರೂಮುಗಳಿವೆ, ಆದರೆ ಕೈಕೊಟ್ಟರೆ ಸರ್ವೀಸ್ ಎಲ್ಲಿ ಆಗುತ್ತದೆಂದು ಬಿಲ್ ಮಾಡಿಸುವ ಮೊದಲೇ ಕೇಳಿಕೊಳ್ಳಿ.

10 ಅಡಿ ಅಗಲದ ಸಣ್ಣ ಕೋಣೆ ಇರುವವರಿಗೆ ಟಿ50 ಬೇಕಿಲ್ಲ. ಮುಂದೆಯೂ ಟಿ15 ಜೋಡಿಯನ್ನೇ ಸ್ಟ್ಯಾಂಡ್ ಮೇಲಿಟ್ಟು, ನಡುವೆ ಟಿ30 ಇರಿಸಿ, ಉಳಿದ ಹಣವನ್ನು ಸಬ್‌ವೂಫರ್‌ಗೆ ಹಾಕಲಿ. 80 ಹರ್ಟ್ಸ್‌ನ ಕೆಳಗಿನ ಕೆಲಸ ಹೇಗೂ ಅದರದೇ ಆಗಿರುವಾಗ ಟವರ್‌ನಿಂದ ಸಿಗುವ ಹೆಚ್ಚಿನ ಲಾಭ ಅಷ್ಟು ಚಿಕ್ಕ ಜಾಗದಲ್ಲಿ ತೀರಾ ಕಡಿಮೆ.