ಡಿಯಾನಿ ಕಡಲಿಂದ ಕಾಡಿಗೆ: ಕೆಂಪಾನೆಯ ತ್ಸಾವೊ, ಚಳಿಯ ಮಾರಾ

ಅಕ್ಕ-ಭಾವ ಮೊಂಬಾಸಾದಲ್ಲಿದ್ದ ಕಾಲದಲ್ಲಿ ನಾವು ಎರಡು ಸಲ ಕೆನ್ಯಾಕ್ಕೆ ಹೋಗಿಬಂದೆವು. ಎರಡೂ ಸಲ ಮೊಕ್ಕಾಂ ಹೂಡಿದ್ದು ಊರಿಂದ ದಕ್ಷಿಣಕ್ಕಿರುವ ಡಿಯಾನಿ ಕಡಲತೀರದ ರೆಸಾರ್ಟಿನಲ್ಲಿ. ಅಕ್ಕನ ಮನೆ ಇದ್ದೂ ರೆಸಾರ್ಟು ಯಾಕೆ ಅಂತ ಕೇಳಬೇಡಿ, ಎರಡು ಕೋಣೆಯ ಫ್ಲ್ಯಾಟು, ನಮ್ಮ ಜೊತೆ ಅತ್ತೆ ಬೇರೆ. ಅಲ್ಲಿಂದ ಬಂದ ಮೇಲೆ ಗೊತ್ತಿರುವವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಐದಾರು ದಿನ ಕಡಲ ಹತ್ತಿರ ಇರ್ತೀವಿ, ನಡುವೆ ಒಂದೆರಡು ದಿನ ಒಳ್ಳೆಯ ಸಫಾರಿ ಮಾಡಬೇಕು, ದುಡ್ಡು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ, ಎಲ್ಲಿಗೆ ಹೋಗೋದು?

ನಾವು ನೋಡಿದ್ದು ಮೂರು ಕಾಡು. 2023ರ ಫೆಬ್ರವರಿಯಲ್ಲಿ ರಸ್ತೆಯಲ್ಲಿ ತ್ಸಾವೊ ಈಸ್ಟ್, ಒಂದು ರಾತ್ರಿ. ಅದೇ ಸಲ ಅರ್ಧ ದಿನ ಶಿಂಬಾ ಹಿಲ್ಸ್. 2024ರ ಸೆಪ್ಟೆಂಬರಿನಲ್ಲಿ ಪುಟ್ಟ ವಿಮಾನದಲ್ಲಿ ಮಸಾಯಿ ಮಾರಾ, ಎರಡು ರಾತ್ರಿ.

ಮೊದಲು ಒಂದು ಎಚ್ಚರಿಕೆ. ಡಿಯಾನಿಯ ಮರಳಿಗೆ ಕಾಲಿಟ್ಟ ಐದು ನಿಮಿಷಕ್ಕೆ ಫೋಟೋ ಆಲ್ಬಮ್ ಹಿಡಿದ ಹುಡುಗರು ಸುತ್ತುವರಿಯುತ್ತಾರೆ. ಬೀಚ್ ಬಾಯ್ಸ್ ಅಂತಲೇ ಅವರಿಗೆ ಹೆಸರು. ಅರ್ಧ ಬೆಲೆಗೆ ಸಫಾರಿ ಅನ್ನುತ್ತಾರೆ. ಅವರನ್ನು ನಂಬಬಾರದು ಅಂತ ರೆಸಾರ್ಟಿನ ಮೂಲಕವೇ ಒಬ್ಬ ಏಜೆಂಟನನ್ನು ಹಿಡಿದೆವು. ಲ್ಯಾಂಡ್ ಕ್ರೂಸರ್ ಅಂತ ಬರೆದುಕೊಟ್ಟಿದ್ದ, ಬೆಳಗಿನ ನಾಲ್ಕೂವರೆಗೆ ಬಂದು ನಿಂತದ್ದು ಮೇಲ್ಛಾವಣಿ ಎತ್ತಿ ನಿಲ್ಲಿಸುವ ವ್ಯಾನು. ಆ ಹೊತ್ತಿನಲ್ಲಿ ಜಗಳ ಆಡಿ ಏನು ಪ್ರಯೋಜನ, ಹತ್ತಿದೆವು. ಹಾಗಾಗಿ ಗಾಡಿ ಯಾವುದು ಅಂತ ಬರಹದಲ್ಲಿ ತೆಗೆದುಕೊಂಡರಷ್ಟೇ ಸಾಲದು, ಹಿಂದಿನ ಸಂಜೆ ಅದರ ಫೋಟೋ ತರಿಸಿಕೊಳ್ಳಿ. ಅಂದ ಹಾಗೆ, ಅಲ್ಲಿನ ಸ್ವಾಹಿಲಿಯಲ್ಲೂ ಗಾಡಿಗೆ ‘ಗಾರಿ’ ಅಂತಲೇ ಹೇಳುತ್ತಾರೆ, ಅಂಗಡಿಗೆ ‘ದುಕಾ’, ಚಹಾಕ್ಕೆ ‘ಚಾಯ್’.

ತ್ಸಾವೊ ಹೆಸರನ್ನು ಅಲ್ಲಿಯವರು ಹೇಳುವಾಗ ನಮ್ಮ ಕಿವಿಗೆ ‘ಸಾವೊ’ ಅಂತಲೇ ಕೇಳುತ್ತದೆ. "ಹೆಸರಲ್ಲೇ ಸಾವು ಇರೋ ಊರಿಗೆ ಹೋಗಬೇಕೇನೋ?" ಅಂತ ಅತ್ತೆ ಮಗನನ್ನು ಕೇಳಿದರು. ಅವರ ಸಂಶಯ ಪೂರ್ತಿ ತಪ್ಪೂ ಅಲ್ಲ. 1898ರಲ್ಲಿ ತ್ಸಾವೊ ನದಿಗೆ ರೈಲು ಸೇತುವೆ ಕಟ್ಟುವಾಗ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ಕೂಲಿಗಳನ್ನು ಎಳೆದೊಯ್ದವು. ಆ ಕೂಲಿಗಳಲ್ಲಿ ಬಹಳಷ್ಟು ಜನ ಹಡಗು ಹತ್ತಿ ಹೋಗಿದ್ದ ಭಾರತೀಯರೇ. ಪ್ಯಾಟರ್ಸನ್ ಎಂಬ ಎಂಜಿನಿಯರ್ ಡಿಸೆಂಬರಿನಲ್ಲಿ ಎರಡನ್ನೂ ಹೊಡೆದ. ಅವು ಈಗ ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿನಲ್ಲಿ ಹುಲ್ಲು ತುಂಬಿಸಿಕೊಂಡು ನಿಂತಿವೆ, ಕೇಸರವಿಲ್ಲದ ಕುತ್ತಿಗೆಯಲ್ಲಿ.

ಡಿಯಾನಿಯಿಂದ ಮೊಂಬಾಸಾ ದ್ವೀಪಕ್ಕೆ ದಾಟಲು ಆಗ ಲಿಕೋನಿ ಫೆರಿಯೇ ಗತಿ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತೆವು. ಈಗ ದೊಂಗೊ ಕುಂಡು ಬೈಪಾಸ್ ತೆರೆದಿರುವುದರಿಂದ ಅದು ತಪ್ಪುತ್ತದೆ. ಆಮೇಲೆ ನೈರೋಬಿ ಹೆದ್ದಾರಿ. ಬಂದರಿನಿಂದ ಉಗಾಂಡದವರೆಗೆ ಸಾಗುವ ಲಾರಿಗಳ ಬೆನ್ನು ನೋಡುತ್ತಲೇ ಹೋಗಬೇಕು. ನಡುವೆ ಮ್ಯಾಕಿನನ್ ರೋಡ್ ಎಂಬ ಪುಟ್ಟ ಊರಲ್ಲಿ ಹೆದ್ದಾರಿಯ ಪಕ್ಕಕ್ಕೇ ಒಂದು ಮಸೀದಿ ಇದೆ. ರೈಲು ಹಾಕುವಾಗ ತೀರಿಕೊಂಡ ಪಂಜಾಬಿ ಮೇಸ್ತ್ರಿಯೊಬ್ಬರ ಗೋರಿ ಅದು. ದಾರಿಹೋಕರು ಯಾವ ಧರ್ಮದವರೇ ಆಗಲಿ ಇಳಿದು ಕೈಮುಗಿದು ಮುಂದೆ ಹೋಗುತ್ತಾರೆ. ನಮ್ಮ ಡ್ರೈವರ್ ಕ್ರಿಶ್ಚಿಯನ್, ಅವನೂ ನಿಲ್ಲಿಸಿದ. ಅತ್ತೆ ಹುಂಡಿಗೆ ನೂರು ಶಿಲ್ಲಿಂಗ್ ಹಾಕಿದರು. ಆ ಡ್ರೈವರು ಅವರನ್ನು ಉದ್ದಕ್ಕೂ ‘ಮಾಮಾ’ ಅಂತ ಕರೆಯುತ್ತಿದ್ದ. ಅವರ ಭಾಷೆಯಲ್ಲಿ ಅದು ಅಮ್ಮ. "ನಾನ್ಯಾವಾಗ ಇವನಿಗೆ ಸೋದರಮಾವ ಆದೆ?" ಅಂತ ಅತ್ತೆ ಮೊದಲ ದಿನ ಗೊಣಗಿದರು, ಎರಡನೇ ದಿನ ಅವನಿಗೆ ಕೋಡುಬಳೆ ಕೊಟ್ಟರು.

ತ್ಸಾವೊದ ಬುಚುಮಾ ಗೇಟಿಗೆ ಮುಟ್ಟುವಾಗ ಎಂಟೂಕಾಲು. ಗೇಟಿನಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿ ತೆಗೆಸುತ್ತಾರೆ. 2020ರಿಂದ ಕೆನ್ಯಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ನಿಷೇಧ, ಸ್ಟೀಲ್ ಬಾಟಲಿ ಒಯ್ಯಿರಿ. ನಾವು ಹೋದಾಗ ವಿದೇಶಿಯರಿಗೆ ಪ್ರವೇಶ ದಿನಕ್ಕೆ 52 ಡಾಲರ್.

ಮಣ್ಣು ಕೆಂಪು ಅಂದರೆ ನಮ್ಮ ಕೋಲಾರದ ಕಡೆಯ ಕೆಂಪಲ್ಲ, ಇಟ್ಟಿಗೆ ಪುಡಿ ಮಾಡಿ ಚೆಲ್ಲಿದ ಹಾಗೆ. ಆ ಮಣ್ಣನ್ನು ಸೊಂಡಿಲಲ್ಲಿ ಎತ್ತಿ ಮೈಮೇಲೆ ಹಾಕಿಕೊಳ್ಳುವುದರಿಂದ ಆನೆಗಳೂ ಕೆಂಪು. ಮೊದಲ ಹಿಂಡು ಕಂಡಾಗ ಮಣ್ಣಿನ ದಿಬ್ಬವೇ ಎದ್ದು ನಡೆದಂತೆ ಆಯಿತು. ಎಲ್ಲಕ್ಕೂ ದಂತ ಇದೆ, "ಎಲ್ಲಾ ಗಂಡೇ?" ಅಂದರು ಅತ್ತೆ. ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತ ಉಂಟು. ಹಣೆ ಕೋನವಾಗಿ ಮಡಿಚಿದ್ದರೆ ಹೆಣ್ಣು, ಗುಂಡಗೆ ಇಳಿದಿದ್ದರೆ ಗಂಡು ಅಂತ ಡ್ರೈವರ್ ತೋರಿಸಿಕೊಟ್ಟ. ದಸರಾ ಆನೆ ನೋಡಿ ಬೆಳೆದ ನನಗೂ ಅದು ಹೊಸ ಪಾಠ.

ತ್ಸಾವೊ ಈಸ್ಟ್ ಒಂದೇ 13,700 ಚದರ ಕಿಲೋಮೀಟರಿಗೂ ಹೆಚ್ಚು, 1948ರಲ್ಲಿ ಆದದ್ದು. ಇಷ್ಟು ದೊಡ್ಡ ಜಾಗದಲ್ಲಿ ಪ್ರಾಣಿ ಹುಡುಕುವುದೆಂದರೆ ತಾಳ್ಮೆ ಬೇಕು. ಗಂಟೆಗಟ್ಟಲೆ ಒಣ ಪೊದೆ. ಇದ್ದಕ್ಕಿದ್ದಂತೆ ಹಿಂಗಾಲ ಮೇಲೆ ನಿಂತು ಚಿಗುರು ಮೇಯುವ ಗೆರೆನುಕ್, ಜಿರಾಫೆಯ ಕುತ್ತಿಗೆಯನ್ನು ಜಿಂಕೆಗೆ ಜೋಡಿಸಿದಂಥ ಪ್ರಾಣಿ. ಇದು ಮಾರಾದಲ್ಲಿ ಕಾಣಸಿಗುವುದಿಲ್ಲ. ಆ ವರ್ಷ ಬರ ಬೇರೆ. 2022ರ ಫೆಬ್ರವರಿಯಿಂದ ಅಕ್ಟೋಬರ್‌ವರೆಗೆ ಕೆನ್ಯಾದಲ್ಲಿ 205 ಆನೆಗಳು ಬರದಿಂದ ಸತ್ತಿದ್ದನ್ನು ಅಲ್ಲಿನ ಸರ್ಕಾರವೇ ಹೇಳಿತ್ತು. ನಾವು ಹೋದಾಗಲೂ ಮಳೆ ಬಂದಿರಲಿಲ್ಲ. ದಾರಿ ಬದಿ ಚಕ್ಕಳವಾಗಿ ಬಿದ್ದಿದ್ದ ಒಂದು ಕಾಡೆಮ್ಮೆ ನೋಡಿ ಅರ್ಧ ಗಂಟೆ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಸಿಂಹ? ಪೊದೆಯ ನೆರಳಲ್ಲಿ ಎರಡು ಹೆಣ್ಣು, ಎಂಟು ನಿಮಿಷ. ಅಷ್ಟೇ.

ಆದರೆ ಸಂಜೆ ಕ್ಯಾಂಪಿನಲ್ಲಿ ಆದದ್ದು ಬೇರೆಯೇ. ಊಟದ ಚಪ್ಪರದಿಂದ ಇಪ್ಪತ್ತು ಹೆಜ್ಜೆಗೆ ನೀರಿನ ಹೊಂಡ. ಆರು ಗಂಟೆಗೆ ಒಂದು ಸಲಗ ಬಂತು, ಹಿಂದೆ ಹಿಂಡು, ಅದರ ಹಿಂದೆ ಇನ್ನೊಂದು ಹಿಂಡು. ಬಾಯಾರಿದ ಆನೆಗಳು ಸದ್ದಿಲ್ಲದೆ ಸರದಿ ಕಾಯುತ್ತಿದ್ದವು. ಮೂವತ್ತೇಳು ಎಣಿಸಿ ನಾನು ಬಿಟ್ಟೆ. ನೀರು ಕುಡಿಯುವ ಸದ್ದು, ಹೊಟ್ಟೆಯೊಳಗಿನ ಗುಡುಗು, ಇವೆರಡು ಬಿಟ್ಟರೆ ಏನೂ ಇಲ್ಲ. ಕಬಿನಿಯಲ್ಲಿ ಮೂರು ಗಂಟೆಯ ಪಾಳಿ ಮುಗಿಯಿತು ಅಂತ ಗಡಿಯಾರ ನೋಡುವ ನಮಗೆ, ಇಲ್ಲಿ ಯಾರೂ ಎಬ್ಬಿಸಲಿಲ್ಲ. ಹತ್ತಕ್ಕೆ ಜನರೇಟರ್ ನಿಂತಿತು, ಫ್ಯಾನೂ ನಿಂತಿತು. ಗುಡಾರದೊಳಗೆ ಸೆಕೆ ತಡೆಯಲಾಗದೆ ಅತ್ತೆ ಟವೆಲ್ ಒದ್ದೆ ಮಾಡಿ ಹೊದ್ದುಕೊಂಡರು. ಲಕ್ಷುರಿ ಎಂದು ಬರೆದ ಕಡೆಯೆಲ್ಲ ಏಸಿ ಇರುತ್ತದೆ ಅಂದುಕೊಂಡರೆ ಮೋಸ ಹೋಗುತ್ತೀರಿ. ಊಟ ಮಾತ್ರ ನಮಗೆ ಹಿಡಿಸಿತು: ಚಪಾತಿ, ತೆಂಗಿನಹಾಲಿನಲ್ಲಿ ಬೇಯಿಸಿದ ಹುರುಳಿಕಾಯಿ ಬೀಜ, ಸುಕುಮಾ ವಿಕಿ ಎಂಬ ಸೊಪ್ಪಿನ ಪಲ್ಯ. ಮೆಕ್ಕೆಜೋಳದ ಹಿಟ್ಟಿನ ಉಗಾಲಿಯನ್ನು ಅತ್ತೆ ಬೆರಳಲ್ಲಿ ಒತ್ತಿ ನೋಡಿ, "ಬಿಳಿ ಮುದ್ದೆ, ಸಾರು ಮರೆತಿದ್ದಾರೆ" ಅಂದರು.

ಶಿಂಬಾ ಹಿಲ್ಸ್ ಬಗ್ಗೆ ಉದ್ದ ಬರೆಯುವುದಿಲ್ಲ. ಡಿಯಾನಿಯಿಂದ ಗಂಟೆಯ ದಾರಿ, ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್. ಮಲೆನಾಡಿನ ಹಾಗೆ ಹಸಿರು ಗುಡ್ಡ, ತುದಿಯಿಂದ ಕಡಲು ಕಾಣುತ್ತದೆ. ಕೆನ್ಯಾದಲ್ಲಿ ಸೇಬಲ್ ಎಂಬ ಬಾಗಿದ ಕೊಂಬಿನ ಜಿಂಕೆ ಇರುವುದು ಇಲ್ಲಿ ಮಾತ್ರ, ಆರು ನೋಡಿದೆವು. ಆನೆಯ ಲದ್ದಿ ಕಂಡಿತು, ಆನೆ ಕಾಣಲಿಲ್ಲ. ಬಂದೂಕು ಹಿಡಿದ ರೇಂಜರ್ ಜೊತೆ ಶೆಲ್ಡ್ರಿಕ್ ಜಲಪಾತಕ್ಕೆ ನಡೆದು ಹೋಗುವುದು ಚೆನ್ನ. ಸಫಾರಿ ಅಂತ ಹೋದರೆ ನಿರಾಸೆ, ತಿರುಗಾಟ ಅಂತ ಹೋದರೆ ಖುಷಿ.

ಇನ್ನು ಮಾರಾ. ಉಕುಂಡಾ ವಿಮಾನ ಪಟ್ಟಿ ರೆಸಾರ್ಟಿನಿಂದ ಹತ್ತು ನಿಮಿಷ. ಕೈಚೀಲವೂ ಸೇರಿ ಒಬ್ಬರಿಗೆ 15 ಕಿಲೋ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಗಟ್ಟಿ ಸೂಟ್‌ಕೇಸ್ ವಿಮಾನದ ಹೊಟ್ಟೆಗೆ ಹಿಡಿಯುವುದಿಲ್ಲ, ರೆಸಾರ್ಟಿನಲ್ಲೇ ಬಿಟ್ಟು ಹೋಗಬೇಕು. ಅತ್ತೆಯ ಚಕ್ಕುಲಿ ಡಬ್ಬಿಯೂ ತಕ್ಕಡಿ ಏರಿತು. ಹನ್ನೆರಡು ಸೀಟಿನ ಸೆಸ್ನಾ, ಪೈಲಟ್ಟಿನ ಬೆನ್ನು ಮುಟ್ಟುವಷ್ಟು ಹತ್ತಿರ. ಎಡಗಡೆ ಕುಳಿತುಕೊಳ್ಳಿ, ಆಕಾಶ ತಿಳಿಯಾಗಿದ್ದರೆ ಗಡಿಯಾಚೆ ಕಿಲಿಮಂಜಾರೊ ಮೋಡದ ಮೇಲೆ ತಲೆ ಎತ್ತಿರುತ್ತದೆ. ಬಸ್ಸಿನ ಹಾಗೆ ಎರಡು ಕಡೆ ಇಳಿಸಿ ಹತ್ತಿಸಿ, ನಮ್ಮನ್ನು ಇಳಿಸುವಾಗ ಎರಡು ಗಂಟೆ ದಾಟಿತ್ತು.

ಇದರ ಜೊತೆ ಇನ್ನೊಂದು ಮಾತು ಹೇಳದೆ ಬಿಡಲಾರೆ. 2025ರ ಅಕ್ಟೋಬರ್ 28ರಂದು ಡಿಯಾನಿಯಿಂದ ಮಾರಾಕ್ಕೆ ಹೊರಟ ಇಂಥದೇ ವಿಮಾನ ಕ್ವಾಲೆ ಗುಡ್ಡಗಳಲ್ಲಿ ಬಿದ್ದು ಅದರಲ್ಲಿದ್ದ 11 ಜನರೂ ತೀರಿಕೊಂಡರು. ನಾವು ಹಾರಿದ ದಾರಿಯೇ ಅದು. ಸುದ್ದಿ ಓದಿದ ದಿನ ಅತ್ತೆ ನನಗೆ ಫೋನ್ ಮಾಡಿ, ಏನೂ ಮಾತಾಡದೆ ಸ್ವಲ್ಪ ಹೊತ್ತು ಹಾಗೇ ಇದ್ದರು. ಹೋಗಬೇಡಿ ಅನ್ನುತ್ತಿಲ್ಲ, ಲಾರಿಗಳ ನಡುವಿನ ಆ ಹೆದ್ದಾರಿಯೂ ಸಾಧುವಲ್ಲ. ಆದರೆ ಮೋಡ ಕವಿದ ಬೆಳಗಿನಲ್ಲಿ ವಿಮಾನ ತಡವಾದರೆ ಕೌಂಟರಿನಲ್ಲಿ ಕೂಗಾಡಬೇಡಿ.

ಮಾರಾದ ವಿಮಾನ ಪಟ್ಟಿಯಲ್ಲಿ ಇಳಿದು ಕ್ಯಾಂಪಿನ ಗಾಡಿ ಹತ್ತಿದ ಹತ್ತೇ ನಿಮಿಷಕ್ಕೆ ಚೀತಾ, ಜೊತೆಗೆ ಮೂರು ಮರಿ. ತ್ಸಾವೊದಲ್ಲಿ ಎರಡು ದಿನಕ್ಕೆ ಸಿಗದಿದ್ದು ಇಲ್ಲಿ ಬ್ಯಾಗು ಇಳಿಸುವ ಮೊದಲೇ ಸಿಕ್ಕಿತು. ಬಯಲು ಅಂದರೆ ಬಯಲು, ಮುಚ್ಚಿಕೊಳ್ಳಲು ಪೊದೆಯಿಲ್ಲ. ನಮ್ಮ ಕ್ಯಾಂಪ್ ಇದ್ದದ್ದು ಸರ್ಕಾರಿ ಮೀಸಲು ಪ್ರದೇಶದ ಹೊರಗೆ, ಮಸಾಯಿ ಜನರ ಭೂಮಿಯನ್ನು ಗುತ್ತಿಗೆಗೆ ಪಡೆದು ನಡೆಸುವ ಕನ್ಸರ್ವೆನ್ಸಿಯಲ್ಲಿ. ಅಲ್ಲಿ ಗಾಡಿಗಳಿಗೆ ಮಿತಿ ಇದೆ, ದಾರಿ ಬಿಟ್ಟು ಹುಲ್ಲಿಗೆ ಇಳಿಯಬಹುದು, ರಾತ್ರಿ ದೀಪ ಹಿಡಿದು ಹೋಗಬಹುದು. ಹದಿನಾಲ್ಕು ಸಿಂಹಗಳ ಗುಂಪಿನ ಮುಂದೆ ನಮ್ಮದೊಂದೇ ಗಾಡಿ, ಮುಕ್ಕಾಲು ಗಂಟೆ.

ಎರಡನೇ ದಿನ ವಿಲ್ಡ್‌ಬೀಸ್ಟ್ ಎಂಬ ದನದಂಥ ಪ್ರಾಣಿಗಳ ಹಿಂಡು ನದಿ ದಾಟುವುದನ್ನು ನೋಡಲು ಮೀಸಲು ಪ್ರದೇಶದೊಳಗೆ ಹೋದೆವು. ಜುಲೈಯಿಂದ ಡಿಸೆಂಬರ್‌ವರೆಗೆ ವಿದೇಶಿಯರಿಗೆ ಪ್ರವೇಶ ದಿನಕ್ಕೆ 200 ಡಾಲರ್, ವರ್ಷದ ಮೊದಲರ್ಧಕ್ಕೆ 100. ಟಿಕೆಟ್ ಬೆಳಗ್ಗೆ ಆರರಿಂದ ಸಂಜೆ ಆರಕ್ಕೆ ಮಾತ್ರ. ಮಾರಾ ನದಿಯ ದಂಡೆಯಲ್ಲಿ ಮೂರು ಗಂಟೆ ಕಾದೆವು. ವಿಲ್ಡ್‌ಬೀಸ್ಟ್‌ಗಳು ನೀರಿನ ತನಕ ಬರುವುದು, ಹಿಂದೆ ಸರಿಯುವುದು, ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕೂರಲು ಸಂಕೋಚ ಪಡುವವರ ಹಾಗೆ. ಕೊನೆಗೊಂದು ಧುಮುಕಿತು, ಹಿಂದೆ ಸಾವಿರ. ಅದೇ ಕ್ಷಣಕ್ಕೆ ನಮ್ಮ ಸುತ್ತಿದ್ದ ಮೂವತ್ತೆಂಟು ಗಾಡಿಗಳೂ ಎಂಜಿನ್ ಶುರು ಮಾಡಿ ಮುನ್ನುಗ್ಗಿದವು. ಧೂಳು, ಡೀಸೆಲ್ ಹೊಗೆ, ಒಬ್ಬರಿಗೊಬ್ಬರು ಬೈಗುಳ. ನಾನು ನೋಡಿದ್ದು ಹೆಚ್ಚಾಗಿ ಮುಂದಿನ ಗಾಡಿಯ ಸ್ಟೆಪ್ನಿ. ಸಿಲ್ಕ್ ಬೋರ್ಡ್ ಜಂಕ್ಷನ್‌ಗೆ ಇಷ್ಟು ದುಡ್ಡು ಕೊಡಬೇಕಾ ಅಂದರು ನಮ್ಮವರು.

ಮಾರಾದ ನೆಲ ಕಡಲಮಟ್ಟಕ್ಕಿಂತ 1,500 ಮೀಟರ್‌ಗೂ ಮೇಲೆ. ಡಿಯಾನಿಯ ಹತ್ತಿ ಬಟ್ಟೆಯಲ್ಲಿ ಹೋದ ನಾವು ಬೆಳಗ್ಗೆ ತೆರೆದ ಗಾಡಿಯಲ್ಲಿ ಗಡಗಡ ನಡುಗಿದೆವು. ಕ್ಯಾಂಪಿನವರು ಹಾಸಿಗೆಯೊಳಗೆ ಬಿಸಿನೀರಿನ ಚೀಲ ಇಟ್ಟಿರುತ್ತಾರೆ. ಕತ್ತಲಲ್ಲಿ ಕಾಲಿಗೆ ಮೆತ್ತಗೆ, ಬೆಚ್ಚಗೆ ಏನೋ ತಾಗಿ ಅತ್ತೆ ಕಿರುಚಿದ್ದಕ್ಕೆ ಕಾವಲಿನ ಮಸಾಯಿ ಈಟಿ ಹಿಡಿದು ಓಡಿಬಂದ.

ಲೆಕ್ಕ ಭಾವನದು, ಅವರು ಲೆಕ್ಕಪರಿಶೋಧಕರು. ತ್ಸಾವೊಗೆ ತಲೆಗೆ 380 ಡಾಲರ್ ಬಿತ್ತು, ಕಾಡಿನಲ್ಲಿ ಕಳೆದದ್ದು ಹನ್ನೊಂದು ಗಂಟೆ, ರಸ್ತೆಯಲ್ಲಿ ಏಳು. ಮಾರಾಗೆ 1,650, ಕಾಡಿನಲ್ಲಿ ಇಪ್ಪತ್ತು ಗಂಟೆ, ವಿಮಾನ-ಕಾಯುವಿಕೆಗೆ ಆರು. ಗಂಟೆಗೆ 35ಕ್ಕೆ ಎದುರಾಗಿ 82. "ಸಿಂಹಕ್ಕೆ ಓವರ್‌ಟೈಮ್ ಕೊಟ್ಟ ಹಾಗಾಯ್ತು" ಅಂದರು.

ನನ್ನ ಅಭಿಪ್ರಾಯ ಕೇಳಿದರೆ: ಒಂದೇ ರಾತ್ರಿ ಇದ್ದರೆ ಮಾರಾದ ಯೋಚನೆ ಬಿಡಿ. ಅರ್ಧ ದಿನ ವಿಮಾನ ನುಂಗುತ್ತದೆ, ದುಡ್ಡು ಪೂರ್ತಿ ಹೋಗುತ್ತದೆ. ತ್ಸಾವೊಗೆ ಹೋಗಿ, ನೀರಿನ ಹೊಂಡ ಎದುರಿಗಿರುವ ಕ್ಯಾಂಪನ್ನೇ ಹುಡುಕಿ, ಸಿಂಹ ಕಂಡರೆ ಪುಣ್ಯ ಅಂದುಕೊಳ್ಳಿ. ಎರಡು ರಾತ್ರಿ, ಕೈಯಲ್ಲಿ ಹಣ ಇದ್ದು, ದೊಡ್ಡ ಬೆಕ್ಕುಗಳನ್ನು ನೋಡಲೇಬೇಕು ಅನ್ನುವವರಿಗೆ ಮಾರಾ, ಆದರೆ ಕನ್ಸರ್ವೆನ್ಸಿಯಲ್ಲಿ. ನದಿ ದಾಟುವ ದೃಶ್ಯಕ್ಕಾಗಿ ನಾನು ಇನ್ನೊಮ್ಮೆ 200 ಡಾಲರ್ ಕೊಡಲಾರೆ. ನಮ್ಮವರದ್ದೂ ಇದೇ ಮಾತು. ಅತ್ತೆಯದ್ದು ಬೇರೆ: "ತ್ಸಾವೊದಲ್ಲಿ ಆನೆ ಬಿಟ್ಟರೆ ಸೆಕೆ. ಆನೆ ನಮ್ಮೂರಲ್ಲೇ ಇದೆಯಲ್ಲ."

ಎರಡಕ್ಕೂ ಹೊರಡುವ ಮೊದಲು ಹಳದಿ ಜ್ವರದ ಲಸಿಕೆ ಹತ್ತು ದಿನ ಮುಂಚೆಯೇ ಆಗಿರಬೇಕು. ಪ್ರಮಾಣಪತ್ರ ಇಲ್ಲದೆ ಕೆನ್ಯಾದಿಂದ ವಾಪಸ್ ಬಂದರೆ ಭಾರತದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಅರವತ್ತು ದಾಟಿದವರಿಗೆ ಈ ಲಸಿಕೆಯನ್ನು ವೈದ್ಯರು ಯೋಚಿಸಿ ಕೊಡುತ್ತಾರೆ, ಅತ್ತೆಯ ವಿಷಯದಲ್ಲಿ ಎರಡು ಸಲ ಓಡಾಡಿದೆವು, ಟಿಕೆಟ್ ತೆಗೆಯುವ ಮೊದಲೇ ಕೇಳಿಬಿಡಿ. ಮಲೇರಿಯಾ ಮಾತ್ರೆಯ ವಿಚಾರವನ್ನೂ ಆಗಲೇ ಮುಗಿಸಿ. ಮತ್ತೆ ತ್ಸಾವೊಗೆ ಬಿಳಿ ಬಟ್ಟೆ ಬೇಡ. ನನ್ನ ಬಿಳಿ ಕುರ್ತಾ ಬೆಂಗಳೂರಿಗೆ ಬಂದು ಮೂರು ಸಲ ಒಗೆದ ಮೇಲೂ ಕೆಂಪು ಬಿಟ್ಟಿಲ್ಲ, ಈಗ ಅದು ಹೋಳಿ ಹಬ್ಬಕ್ಕೆ ಮೀಸಲು.