ಟೈಮಿಂಗ್ ಚೈನ್ ಉಳಿಸಿಕೊಳ್ಳಲು ನಾನು ಪ್ರಯತ್ನಿಸಿದ ದಾರಿಗಳು

ಟೈಮಿಂಗ್ ಚೈನ್ ಎಂದರೆ ಎಂಜಿನ್ನಿನ ವಾಲ್ವುಗಳು ಪಿಸ್ಟನ್ನುಗಳ ಲಯಕ್ಕೆ ತಕ್ಕಂತೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಸರಪಳಿ. ಅವಧಿಗೆ ಮೊದಲೇ ಆಯಿಲ್ ಬದಲಿಸುವುದು, ಕೈಪಿಡಿ ಹೇಳಿದಷ್ಟು ಕಾಯುವುದು, ಚೈನ್ ಕಿಟ್ಟನ್ನೇ ಬದಲಿಸುವುದು, ಈ ಮೂರನ್ನೂ ಎರಡು ಸಣ್ಣ ಕಾರುಗಳಲ್ಲಿ ಮಾಡಿ ನೋಡಿದ್ದೇನೆ. ನನ್ನ ಒಲವು ಮೊದಲನೆಯದರ ಕಡೆಗೆ. ಎರಡನೆಯದರಿಂದ ಕೈ ಸುಟ್ಟುಕೊಂಡವನು ನಾನು.

ಆಯಿಲ್ ಬದಲಿಸಲು ಹಳೆಯ ಕಾರಿನ ಕೈಪಿಡಿ 30,000 ಕಿ.ಮೀ. ಅಥವಾ 2 ವರ್ಷ ಎಂದಿತ್ತು. ನನ್ನ ಓಡಾಟವೋ ಒಮ್ಮೆಗೆ ನಾಲ್ಕೈದು ಕಿ.ಮೀ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆರಿಸುವುದರಿಂದ ಪೆಟ್ರೋಲ್ ಆಯಿಲಿಗೆ ಸೇರಿ ಅದನ್ನು ತೆಳುವಾಗಿಸುತ್ತದೆ, ಚೈನಿನ ಪಿನ್ನುಗಳು ಸವೆಯುತ್ತವೆ, ಚೈನ್ ಉದ್ದವಾಗುತ್ತದೆ.

ನನ್ನನ್ನು ಸತಾಯಿಸಿದ್ದು ಬೆಳಗಿನ ಶಬ್ದ. ಸ್ಟಾರ್ಟ್ ಮಾಡಿದೊಡನೆ ತಗಡಿನ ಡಬ್ಬಿಯಲ್ಲಿ ಮೊಳೆ ಕುಲುಕಿದಂತೆ ಎರಡು ಮೂರು ಸೆಕೆಂಡು ಕೇಳಿಸಿ ನಿಂತುಬಿಡುತ್ತಿತ್ತು. ಗ್ಯಾರೇಜು ತಲುಪುವ ಹೊತ್ತಿಗೆ ಎಂಜಿನ್ ಬಿಸಿಯಾಗಿರುತ್ತಿದ್ದುದರಿಂದ ಮೆಕ್ಯಾನಿಕ್ ಎರಡು ಸಲವೂ "ಏನೂ ಇಲ್ಲ ಸರ್" ಎಂದು ಕಳುಹಿಸಿದರು.

ಮೂರನೆಯ ಸಲ ಕಾರನ್ನು ರಾತ್ರಿ ಅಲ್ಲಿಯೇ ಬಿಟ್ಟೆ. ಬೆಳಿಗ್ಗೆ ಬಾನೆಟ್ ತೆರೆದು ನಿಂತವರಿಗೆ ಶಬ್ದ ಸ್ಪಷ್ಟವಾಗಿ ಕೇಳಿಸಿತು. ಟೆನ್ಷನರ್ ಆಯಿಲಿನ ಒತ್ತಡದಿಂದ ಚೈನನ್ನು ಬಿಗಿಹಿಡಿಯುತ್ತದೆ. ರಾತ್ರಿ ಆಯಿಲ್ ಕೆಳಗಿಳಿದಿದ್ದರೆ, ಒತ್ತಡ ಏರುವವರೆಗೆ ಸಡಿಲ ಚೈನ್ ತನ್ನನ್ನು ದಾರಿಯಲ್ಲಿಡುವ ಪ್ಲಾಸ್ಟಿಕ್ ಪಟ್ಟಿಗೆ, ಅಂದರೆ ಗೈಡಿಗೆ, ಬಡಿಯುತ್ತದೆ. ಬಿಚ್ಚಿದಾಗ, ಉದ್ದವಾದ ಚೈನನ್ನು ಬಿಗಿಹಿಡಿಯಲು ಟೆನ್ಷನರಿನ ಪಿಸ್ಟನ್ ಬಹುತೇಕ ಪೂರ್ತಿ ಹೊರಬಂದಿತ್ತು, ಗೈಡಿನ ಕಂದು ಪ್ಲಾಸ್ಟಿಕ್ ಚೂರುಗಳು ಆಯಿಲ್ ಸ್ಟ್ರೈನರಿನಲ್ಲಿ (ಆಯಿಲ್ ಸೋಸುವ ಜರಡಿಯಲ್ಲಿ) ಸಿಕ್ಕಿದ್ದವು. ಚೈನ್ ತನ್ನ ಚಕ್ರದ ಹಲ್ಲುಗಳ ಮೇಲೆ ಜಾರಿದ್ದರೆ ವಾಲ್ವುಗಳು ಎಂಜಿನ್ನಿನ ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗಬಹುದಿತ್ತು.

ಹೀಗಾಗಿ ಚೈನ್, ಟೆನ್ಷನರ್, ಗೈಡುಗಳಿರುವ ಪೂರ್ತಿ ಕಿಟ್ ಹಾಕಿಸಬೇಕಾಯಿತು. ಕೆಲಸ ಚೆನ್ನಾಗಿಯೇ ಆಯಿತು, ಆದರೆ ಬಿಡಿಭಾಗಕ್ಕಿಂತ ಕೂಲಿಯೇ ಹೆಚ್ಚು, ಮತ್ತು ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟನ್ನು ಅಲುಗದಂತೆ ಲಾಕ್ ಮಾಡುವ ಸಲಕರಣೆಯಿಲ್ಲದ ಗ್ಯಾರೇಜಿಗೆ ಈ ಕೆಲಸ ಒಪ್ಪಿಸುವಂತಿಲ್ಲ. ಆ ಬಿಲ್ಲಿನಲ್ಲಿ ಎಷ್ಟೋ ವರ್ಷ ಆಯಿಲ್ ಬದಲಿಸಬಹುದಿತ್ತು.

ಆಯಿಲಿಗೆ ಬೆರೆಸುವ ಅಡಿಟಿವ್ ಕೂಡ ಒಮ್ಮೆ ಹಾಕಿದ್ದೆ. ಶಬ್ದದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈಗಿನ ಕಾರಿನಲ್ಲಿ ಕೈಪಿಡಿ 15,000 ಎಂದರೂ 7,500 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ, ಕೈಪಿಡಿಯಲ್ಲಿರುವ ದರ್ಜೆಯ ಆಯಿಲ್ ಹಾಕಿಸುತ್ತೇನೆ. ಆಯಿಲ್ ಫಿಲ್ಟರ್ ಮಾತ್ರ ಅಗ್ಗದ್ದು ಬೇಡ. ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ, ಅದರೊಳಗಿನ ವಾಲ್ವ್ ಸೋರಿದರೆ ಆಯಿಲ್ ರಾತ್ರಿ ಎಂಜಿನ್ನಿನ ತಳದ ತೊಟ್ಟಿಗೆ ಇಳಿದು ಅದೇ ಬಡಿತ ಶುರುವಾಗುತ್ತದೆ. ಎರಡು ವಾರಕ್ಕೊಮ್ಮೆ ಡಿಪ್‌ಸ್ಟಿಕ್ಕಿನಲ್ಲಿ (ಅಳತೆ ಕಡ್ಡಿಯಲ್ಲಿ) ಆಯಿಲ್ ಮಟ್ಟ ನೋಡುತ್ತೇನೆ. 80,000 ಕಿ.ಮೀ. ದಾಟಿದ್ದರೂ ಬೆಳಗಿನ ಶಬ್ದವಿಲ್ಲ. ಎಂಜಿನ್ನಿನ ವಿನ್ಯಾಸವೂ ಬೇರೆಯಾದ್ದರಿಂದ ಶ್ರೇಯಸ್ಸೆಲ್ಲ ಆಯಿಲಿನದೆಂದು ವಾದಿಸಲಾರೆ.

ದಿನವೂ ಹೆದ್ದಾರಿಯಲ್ಲಿ ದೂರ ಓಡಿಸುವವರು ಇಷ್ಟು ಬೇಗ ಬದಲಿಸಬೇಕಿಲ್ಲ. ಹಳೆಯ ಕಾರು ಕೊಂಡು, ಅದರಲ್ಲಿ ಆಗಲೇ ಬಡಿತ ಕೇಳಿಸುತ್ತಿದ್ದರೆ ನನ್ನ ನೆಚ್ಚಿನ ದಾರಿಯೂ ಪ್ರಯೋಜನಕ್ಕೆ ಬಾರದು: ಹೊಸ ಆಯಿಲ್ ಉದ್ದವಾದ ಚೈನನ್ನು ಮೊಟಕುಗೊಳಿಸುವುದಿಲ್ಲ, ಅಲ್ಲಿ ಕಿಟ್ಟೇ ಬೇಕು.